ಅಂಕವೋ, ಸ್ಥಾನವೋ, ಶ್ರೇಣಿಯೋ: ಮಕ್ಕಳ ಸ್ಪರ್ಧೆಗೆ ತೀರ್ಪು ಕೊಡುವ ದಾರಿಗಳು

ಶಾಲಾ ಸ್ಪರ್ಧೆಗಳ ಸುತ್ತೋಲೆಯ ಕೊನೆಯ ಸಾಲು ಸಾಮಾನ್ಯವಾಗಿ ಒಂದೇ: ‘ತೀರ್ಪುಗಾರರ ತೀರ್ಮಾನವೇ ಅಂತಿಮ’. ಆ ತೀರ್ಮಾನಕ್ಕೆ ಅವರು ಹೇಗೆ ಬರಬೇಕು ಎಂಬ ಸಾಲು ಮಾತ್ರ ಅಪರೂಪ. ಬೆಳಿಗ್ಗೆ ಬಂದ ಮೂವರಿಗೆ ಕಾಫಿ, ಪೆನ್ನು, ಖಾಲಿ ಅಂಕಪಟ್ಟಿ ಕೊಟ್ಟು ಕೂರಿಸಿದರೆ ಏರ್ಪಾಡು ಮುಗಿಯಿತು. ಸಂಜೆ ತಕರಾರು ಎದ್ದರೆ ಎಲ್ಲರೂ ಅನುಮಾನಿಸುವುದು ಆ ಮೂವರ ಪ್ರಾಮಾಣಿಕತೆಯನ್ನು. ಅನೇಕ ಸಲ ಅವರು ಪ್ರಾಮಾಣಿಕರೇ ಆಗಿರುತ್ತಾರೆ. ಅಂಕ ಕೂಡಿದ ರೀತಿ ತಪ್ಪಾಗಿರುತ್ತದೆ, ಇಲ್ಲವೇ ಸ್ಪರ್ಧೆಯ ಉದ್ದೇಶಕ್ಕೆ ಒಗ್ಗದ ವಿಧಾನ ಹಿಡಿದಿರುತ್ತಾರೆ.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ್ದು, ಈ ಸ್ಪರ್ಧೆ ಯಾಕೆ ನಡೆಯುತ್ತಿದೆ ಎಂದು. ಶಿಕ್ಷಣ ಇಲಾಖೆ ನಡೆಸುವ ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್‌ನಿಂದ (ಅಕ್ಕಪಕ್ಕದ ಶಾಲೆಗಳ ಗುಂಪಿನಿಂದ) ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ ಮಕ್ಕಳನ್ನು ಆರಿಸಿ ಕಳಿಸಬೇಕು. ಅಲ್ಲಿ ‘ಎಲ್ಲರೂ ಚೆನ್ನಾಗಿ ಹಾಡಿದರು’ ಎಂದು ಎದ್ದು ಹೋಗುವಂತಿಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೋ ಬಡಾವಣೆಯ ರಾಜ್ಯೋತ್ಸವಕ್ಕೋ ಆ ಕಟ್ಟುಪಾಡಿಲ್ಲ. ಆದರೂ ಪ್ರಥಮ, ದ್ವಿತೀಯ, ತೃತೀಯ, ಎರಡು ಸಮಾಧಾನಕರ ಎಂಬ ಅದೇ ಅಚ್ಚು ಅಲ್ಲಿಗೂ ಬರುತ್ತದೆ, ಯಾಕೆಂದು ಯಾರೂ ಕೇಳದೆ.

ಸ್ಥಾನ ಕೊಡುವುದು, ಶ್ರೇಣಿ ಕೊಡುವುದು

ಸ್ಥಾನ ಎಂದರೆ ಮಗುವನ್ನು ಮಗುವಿನೊಂದಿಗೆ ತೂಗುವುದು. ಶ್ರೇಣಿ ಎಂದರೆ ಮೊದಲೇ ಬರೆದಿಟ್ಟ ಒಂದು ಮಟ್ಟದೊಂದಿಗೆ ತೂಗುವುದು. ಮೇಲ್ನೋಟಕ್ಕೆ ಸಣ್ಣ ವ್ಯತ್ಯಾಸ, ಪರಿಣಾಮ ಮಾತ್ರ ದೊಡ್ಡದು.

ಅಮೆರಿಕದ 4-ಎಚ್ ಯುವ ಸಂಘಟನೆಯಲ್ಲಿ ಮಕ್ಕಳ ಮಂಡನೆಗಳಿಗೆ ‘ಡ್ಯಾನಿಶ್ ಪದ್ಧತಿ’ ಎಂಬ ಶ್ರೇಣಿ ವ್ಯವಸ್ಥೆ ಬಳಕೆಯಲ್ಲಿದೆ. ಮಟ್ಟ ಪೂರ್ತಿ ಮುಟ್ಟಿದವರಿಗೆ ನೀಲಿ ರಿಬ್ಬನ್, ಅದಕ್ಕಿಂತ ತುಸು ಕಡಿಮೆಯವರಿಗೆ ಕೆಂಪು, ಇನ್ನೂ ಬಹಳ ಕಲಿಯಬೇಕಾದವರಿಗೆ ಬಿಳಿ. ನೀಲಿ ಇಷ್ಟೇ ಎಂಬ ಮಿತಿ ಇಲ್ಲ. ಹತ್ತು ಮಕ್ಕಳಲ್ಲಿ ಎಂಟು ಮಂದಿ ಮಟ್ಟ ಮುಟ್ಟಿದರೆ ಎಂಟೂ ನೀಲಿ. ಒಬ್ಬರೂ ಮುಟ್ಟದಿದ್ದರೆ ಒಂದೂ ಇಲ್ಲ.

ನಮಗೆ ಹತ್ತಿರದ ಉದಾಹರಣೆ 1957ರಲ್ಲಿ ಆರಂಭವಾದ ಕೇರಳದ ರಾಜ್ಯ ಶಾಲಾ ಕಲೋತ್ಸವ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಇದು ಪರಿಚಿತ. ಕನ್ನಡ ಪದ್ಯವಾಚನ, ಕನ್ನಡ ಭಾಷಣ, ಯಕ್ಷಗಾನ ಎಲ್ಲ ಅಲ್ಲಿ ಸ್ಪರ್ಧೆಗಳೇ. ಹಿಂದೆ ಅತಿ ಹೆಚ್ಚು ಅಂಕ ಪಡೆದವರಿಗೆ ಕಲಾತಿಲಕ, ಕಲಾಪ್ರತಿಭೆ ಎಂಬ ಬಿರುದುಗಳಿದ್ದವು. ಅದರ ಸುತ್ತ ಪೈಪೋಟಿ ವಿಪರೀತವಾದ ಮೇಲೆ ಬಿರುದು ಕೈಬಿಟ್ಟು ಎ, ಬಿ, ಸಿ ಶ್ರೇಣಿಗಳನ್ನು ಹಿಡಿದರು. ಆದರೆ ಎ ಶ್ರೇಣಿಗೆ 5, ಬಿಗೆ 3, ಸಿಗೆ 1 ಅಂಕ ಜಿಲ್ಲೆಯ ಖಾತೆಗೆ ಸೇರುತ್ತದೆ, ಜಿಲ್ಲೆಗಳು ಚಿನ್ನದ ಬಟ್ಟಲಿಗೆ ಹೋರಾಡುತ್ತವೆ. ಹಾಗಾಗಿ ಮೇಲ್ಮನವಿಗಳು ನಿಂತಿಲ್ಲ, ಕೆಲವು ನ್ಯಾಯಾಲಯದವರೆಗೂ ಹೋದದ್ದುಂಟು. ಶ್ರೇಣಿ ಕೊಟ್ಟು ಅದನ್ನೇ ಮತ್ತೆ ಕೂಡಿಸಿ ಬಟ್ಟಲಿಗೆ ಕಟ್ಟಿದರೆ, ಹೊರಹಾಕಿದ ಸ್ಪರ್ಧೆ ಹಿಂಬಾಗಿಲಿಂದ ಒಳಗೆ ಬರುತ್ತದೆ.

ಶ್ರೇಣಿಯ ದೌರ್ಬಲ್ಯ ಇನ್ನೊಂದಿದೆ: ಅದು ಬಲುಬೇಗ ಸಡಿಲವಾಗುತ್ತದೆ. ‘ಪಾಪ, ಮಗು’ ಎಂದು ಎಲ್ಲರಿಗೂ ಎ ಕೊಟ್ಟರೆ ಮುಂದಿನ ವರ್ಷ ಎ ಎಂಬುದಕ್ಕೆ ಬೆಲೆಯೇ ಉಳಿಯುವುದಿಲ್ಲ. ಪ್ರತಿ ಶ್ರೇಣಿಗೂ ಒಂದು ವಾಕ್ಯದ ವಿವರಣೆ ಬರೆಯದೆ ಈ ವಿಧಾನ ಹಿಡಿಯಬಾರದು.

ನಮ್ಮ ಸಲಹೆ ಹೀಗಿದೆ. ಒಂದರಿಂದ ನಾಲ್ಕನೇ ತರಗತಿಯವರಿಗೆ, ಮುಂದಿನ ಹಂತವಿಲ್ಲದಿದ್ದರೆ, ಬರೀ ಶ್ರೇಣಿ ಸಾಕು. ಮುಂದಿನ ಹಂತವಿದ್ದರೆ ಎರಡನ್ನೂ ಬೆರೆಸಿ: ಭಾಗವಹಿಸಿದ ಎಲ್ಲರ ಪ್ರಮಾಣಪತ್ರದಲ್ಲೂ ಶ್ರೇಣಿ, ಆಯ್ಕೆಯಾಗುವವರಿಗೆ ಮಾತ್ರ ಸ್ಥಾನ. ನಾಲ್ಕರಿಂದ ಇಪ್ಪತ್ತನಾಲ್ಕನೆಯವರೆಗಿನ ಸ್ಥಾನಗಳನ್ನು ಯಾರಿಗೂ ಹೇಳಬೇಕಾಗಿಲ್ಲ. ಹದಿನೇಳನೆಯ ಸ್ಥಾನ ಬಂತೆಂದು ತಿಳಿದು ಒಂದು ಮಗು ಮಾಡಬಹುದಾದ್ದು ಏನೂ ಇಲ್ಲ.

ಕೂಡುವ ಲೆಕ್ಕ

ಹೆಚ್ಚಿನ ಅನ್ಯಾಯ ನಡೆಯುವುದು ಇಲ್ಲಿ, ಅದೂ ಯಾರಿಗೂ ಗೊತ್ತಾಗದ ಹಾಗೆ. ಮೂವರು ತೀರ್ಪುಗಾರರು, 50 ಅಂಕದ ಭಾವಗೀತೆ ಸ್ಪರ್ಧೆ ಎಂದುಕೊಳ್ಳಿ. ಮೊದಲ ಮೂರು ಸ್ಥಾನಕ್ಕೆ ಬಂದು ನಿಂತ ಮೂರು ಮಕ್ಕಳ ಅಂಕಗಳು ಹೀಗಿವೆ (ಚೆಸ್ಟ್ ನಂಬರ್ ಎಂದರೆ ಹೆಸರಿನ ಬದಲು ಮಗುವಿನ ಎದೆಗೆ ಅಂಟಿಸುವ ಸಂಖ್ಯೆ):

ಚೆಸ್ಟ್ ನಂಬರ್ 4: 42, 41, 30. ಒಟ್ಟು 113
ಚೆಸ್ಟ್ ನಂಬರ್ 9: 40, 39, 46. ಒಟ್ಟು 125
ಚೆಸ್ಟ್ ನಂಬರ್ 15: 38, 38, 40. ಒಟ್ಟು 116

ಒಟ್ಟು ಅಂಕ ನೋಡಿದರೆ 9 ಪ್ರಥಮ, 15 ದ್ವಿತೀಯ, 4 ಕೊನೆ. ಈಗ ಮೊದಲ ಇಬ್ಬರು ತೀರ್ಪುಗಾರರ ಪಟ್ಟಿ ಮತ್ತೆ ನೋಡಿ. ಇಬ್ಬರೂ 4ನೆಯ ಮಗುವೇ ಪ್ರಥಮ ಎಂದಿದ್ದಾರೆ. ಮೂವರಲ್ಲಿ ಇಬ್ಬರು ಪ್ರಥಮ ಎಂದ ಮಗು ಕೊನೆಗೆ ಬಿತ್ತು. ಕಾರಣ ಇಷ್ಟೇ: ಮೊದಲ ಇಬ್ಬರು ಮೂರ್ನಾಲ್ಕು ಅಂಕದ ಅಂತರದಲ್ಲೇ ಎಲ್ಲರನ್ನೂ ಅಳೆದರು, ಮೂರನೆಯವರು 30ರಿಂದ 46ರವರೆಗೆ ಹರಡಿದರು. ಅಂಕ ಹೆಚ್ಚು ಎಳೆದಾಡುವವರ ಮಾತೇ ನಡೆಯುತ್ತದೆ, ಅವರಿಗೆ ಆ ಉದ್ದೇಶ ಇರಲಿ ಬಿಡಲಿ.

ಇಲ್ಲೊಂದು ತಪ್ಪು ನಂಬಿಕೆಯನ್ನು ಸರಿಪಡಿಸಬೇಕು. ‘ಆ ತೀರ್ಪುಗಾರರು ಬಹಳ ಬಿಗಿ, ಯಾರಿಗೂ 35 ದಾಟಿಸುವುದಿಲ್ಲ’ ಎಂದು ಪೋಷಕರು ಗೊಣಗುತ್ತಾರೆ. ಎಲ್ಲ ಮಕ್ಕಳನ್ನೂ ಅದೇ ಮೂವರು ನೋಡುತ್ತಿದ್ದರೆ ಬಿಗಿ ಕೈಯಿಂದ ಯಾವ ತೊಂದರೆಯೂ ಇಲ್ಲ. ಎಲ್ಲರಿಗೂ ಹತ್ತು ಕಡಿಮೆ ಬಿದ್ದರೆ ಕ್ರಮ ಬದಲಾಗುವುದಿಲ್ಲ. ಬಿಗಿ–ಸಡಿಲದ ಪ್ರಶ್ನೆ ಏಳುವುದು ಮಕ್ಕಳು ಹೆಚ್ಚಾಗಿ ಎರಡು ಕೋಣೆಗಳಲ್ಲಿ ಎರಡು ತಂಡಗಳು ತೀರ್ಪು ಕೊಟ್ಟಾಗ. ಆಗ ಎರಡೂ ಕೋಣೆಯ ಅಂಕಗಳನ್ನು ಒಂದೇ ಪಟ್ಟಿಗೆ ಸೇರಿಸಲೇಬಾರದು. ಪ್ರತಿ ಕೋಣೆಯಿಂದ ನಾಲ್ವರನ್ನು ಆರಿಸಿ, ಅವರೆಲ್ಲರನ್ನೂ ಒಂದೇ ತಂಡದ ಮುಂದೆ ಮತ್ತೊಮ್ಮೆ ಹಾಡಿಸಿ.

ಕೂಡುವುದಕ್ಕೆ ಬದಲಿ ದಾರಿಗಳು ಎರಡಿವೆ.

ಒಂದು, ಪ್ರತಿ ತೀರ್ಪುಗಾರರ ಅಂಕವನ್ನು ಅವರವರ ಪಟ್ಟಿಯಲ್ಲೇ ಸ್ಥಾನವಾಗಿ ಬದಲಿಸಿ ಆ ಸ್ಥಾನಗಳನ್ನು ಕೂಡುವುದು. ಕಡಿಮೆ ಮೊತ್ತ ಬಂದವರು ಮುಂದೆ. ಮೇಲಿನ ಲೆಕ್ಕದಲ್ಲಿ 4ಕ್ಕೆ 1+1+3, ಅಂದರೆ 5. 9ಕ್ಕೆ 2+2+1, ಅದೂ 5. 15ಕ್ಕೆ 3+3+2, ಅಂದರೆ 8. ಎಳೆದಾಟದ ಬಲ ಹೋಯಿತು, ಆದರೆ ಸಮಬಲ ಬಂತು. ಈ ವಿಧಾನದಲ್ಲಿ ಸಮಬಲ ಪದೇಪದೇ ಬರುತ್ತದೆ. ಅದನ್ನು ಬಿಡಿಸುವ ನಿಯಮವನ್ನು (ಉದಾಹರಣೆಗೆ, ಹೆಚ್ಚು ತೀರ್ಪುಗಾರರಿಂದ ಪ್ರಥಮ ಪಡೆದವರು ಮುಂದೆ) ಸ್ಪರ್ಧೆಗೆ ಮೊದಲೇ ಬರೆದಿಡಬೇಕು. ಆ ನಿಯಮದಂತೆ ಇಲ್ಲಿ 4 ಪ್ರಥಮ. ಸ್ಥಾನದ ಲೆಕ್ಕದ ನಷ್ಟವೂ ಇದೆ: ಮೊದಲನೆಯವರಿಗೂ ಎರಡನೆಯವರಿಗೂ ಅಜಗಜಾಂತರ ಇದ್ದರೂ ಪಟ್ಟಿಯಲ್ಲಿ ಅದು ಒಂದೇ ಮೆಟ್ಟಿಲು.

ಇನ್ನೊಂದು, ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕವನ್ನು ಬಿಟ್ಟು ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯುವುದು. ಡೈವಿಂಗ್ ಸ್ಪರ್ಧೆಯಲ್ಲಿ ಮಾಡುವುದು ಇದನ್ನೇ: ಐವರು ತೀರ್ಪುಗಾರರಿದ್ದರೆ ಮೇಲಿನದೊಂದು ಕೆಳಗಿನದೊಂದು ಹೋಗಿ ಮಧ್ಯದ ಮೂರು ಉಳಿಯುತ್ತವೆ. ಮೂವರೇ ಇದ್ದಾಗ ಮಧ್ಯದ ಒಂದೇ ಅಂಕ ಉಳಿಯುತ್ತದೆ. 4ಕ್ಕೆ 41, 9ಕ್ಕೆ 40, 15ಕ್ಕೆ 38. ಯಾರೊಬ್ಬರೂ ಒಂದು ಮಗುವನ್ನು ಒಬ್ಬರೇ ಮೇಲೆತ್ತಲೂ ಆಗದು, ಕೆಳಗೆ ತಳ್ಳಲೂ ಆಗದು. ಆದರೆ ಕರೆದು ಕೂರಿಸಿದ ಮೂವರಲ್ಲಿ ಇಬ್ಬರ ಅಂಕ ಪ್ರತಿ ಸಲ ಕಸದ ಬುಟ್ಟಿಗೆ ಹೋಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳಿದೆ.

ಮೂವರಿದ್ದರೆ ಸ್ಥಾನಗಳ ಮೊತ್ತ, ಐವರಿದ್ದರೆ ತುದಿ ಬಿಟ್ಟು ಸರಾಸರಿ. ಒಟ್ಟು ಅಂಕವನ್ನೇ ಕೂಡಲೇಬೇಕೆಂದು ಮೇಲಿನವರು ಪಟ್ಟು ಹಿಡಿದರೆ, ಸ್ಪರ್ಧೆಗೆ ಮುನ್ನ ತೀರ್ಪುಗಾರರನ್ನು ಕೂರಿಸಿಕೊಂಡು ‘ಸಾಧಾರಣ ಪ್ರದರ್ಶನಕ್ಕೆ 25, ಒಳ್ಳೆಯದಕ್ಕೆ 35, ಅಪರೂಪದ್ದಕ್ಕೆ 45’ ಎಂದು ಮೂವರೂ ಒಪ್ಪಿಕೊಳ್ಳಿ. ಹತ್ತು ನಿಮಿಷದ ಕೆಲಸ. ಇಬ್ಬರೇ ತೀರ್ಪುಗಾರರಿಗಿಂತ ಒಬ್ಬರೇ ಇರುವುದು ವಾಸಿ ಎನ್ನಬಹುದು. ಇಬ್ಬರು ಭಿನ್ನವಾದರೆ ಬಿಡಿಸುವವರು ಯಾರೂ ಇರುವುದಿಲ್ಲ, ಜೋರು ದನಿಯವರು ಗೆಲ್ಲುತ್ತಾರೆ.

ಕಾಲಮ್ಮುಗಳೋ, ಒಟ್ಟಾರೆ ಅಭಿಪ್ರಾಯವೋ

ಒಟ್ಟಾರೆ ಅಭಿಪ್ರಾಯಕ್ಕೆ ಒಂದೇ ಅಂಕ ಕೊಡುವುದು ಬೇಗ ಆಗುತ್ತದೆ, ನುರಿತವರ ಕೈಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಸೋತ ಮಗು ‘ಯಾಕೆ?’ ಎಂದು ಕೇಳಿದರೆ ಹೇಳಲು ಏನೂ ಉಳಿಯುವುದಿಲ್ಲ. ಕಾಲಮ್ಮುಗಳಿದ್ದರೆ ಉತ್ತರ ಪಟ್ಟಿಯಲ್ಲೇ ಇರುತ್ತದೆ. ಮಕ್ಕಳ ಸ್ಪರ್ಧೆಗೆ ನಾವು ಕಾಲಮ್ಮಿನ ಪರ, ಆದರೆ ನಾಲ್ಕೈದಕ್ಕಿಂತ ಹೆಚ್ಚು ಬೇಡ. ಹತ್ತು ಕಾಲಮ್ಮು ಕೊಟ್ಟರೆ ತೀರ್ಪುಗಾರರು ಮಗುವನ್ನು ನೋಡುವುದು ಬಿಟ್ಟು ಹಾಳೆ ನೋಡುತ್ತಾರೆ.

ಭಾಷಣಕ್ಕೆ 50 ಅಂಕ: ವಿಷಯ ಮತ್ತು ಅದರ ಜೋಡಣೆ 20, ನಿರೂಪಣೆ 15, ಭಾಷೆ ಮತ್ತು ಉಚ್ಚಾರ 10, ಸಮಯಪಾಲನೆ 5. ಭಾವಗೀತೆಗೆ: ಶ್ರುತಿ 15, ಲಯ 10, ಸಾಹಿತ್ಯಶುದ್ಧಿ 10, ಭಾವ 15. ಹಾಡಿನ ಆಯ್ಕೆಗೆಂದು ಬೇರೆ ಅಂಕ ಇಡುವುದನ್ನು ಕೆಲವೆಡೆ ಕಾಣುತ್ತೇವೆ. ಹಾಡನ್ನು ಆರಿಸಿಕೊಡುವುದು ಹೆಚ್ಚಾಗಿ ಸಂಗೀತದ ಮೇಷ್ಟ್ರು. ಅವರಿಗೆ ಹೋಗುವ ಅಂಕವನ್ನು ಮಗುವಿನ ಲೆಕ್ಕಕ್ಕೆ ಬರೆಯುವುದರಲ್ಲಿ ಅರ್ಥವಿಲ್ಲ.

ಕಾಲಮ್ಮು ಇದ್ದೂ ಕೆಡುವುದು ಹೀಗೆ: ಮಗು ವೇದಿಕೆಗೆ ಬಂದು ಗಟ್ಟಿ ದನಿಯಲ್ಲಿ ‘ಎಲ್ಲರಿಗೂ ನಮಸ್ಕಾರ’ ಎಂದ ಕೂಡಲೇ ತೀರ್ಪುಗಾರರ ಮನಸ್ಸಿನಲ್ಲಿ ಒಂದು ಅಂಕ ಕೂತುಬಿಡುತ್ತದೆ, ಆಮೇಲೆ ಎಲ್ಲ ಕಾಲಮ್ಮಿಗೂ ಅದೇ ಹಂಚಿಕೆಯಾಗುತ್ತದೆ. ಒಬ್ಬರ ಪಟ್ಟಿಯಲ್ಲಿ ಪ್ರತಿ ಮಗುವಿಗೂ ಎಲ್ಲ ಕಾಲಮ್ಮಿನಲ್ಲೂ ಒಂದೇ ಮಟ್ಟದ ಅಂಕವಿದ್ದರೆ ಆದದ್ದು ಇದೇ. ಇದಕ್ಕೆ ಮದ್ದು, ಮೊದಲು ಕಾಲಮ್ಮಿನಲ್ಲಿ ಒಂದೆರಡು ಪದ ಬರೆದು ಆಮೇಲೆ ಅಂಕ ಹಾಕುವುದು. ಶ್ರುತಿಯ ಮನೆಯಲ್ಲಿ ‘ಅನುಪಲ್ಲವಿ ಏರಿತು’, ಲಯದ ಮನೆಯಲ್ಲಿ ‘ಗಟ್ಟಿ’. ಪದ ಬರೆದ ಮೇಲೆ ಎರಡಕ್ಕೂ ಒಂದೇ ಅಂಕ ಹಾಕಲು ಕೈ ಬರುವುದಿಲ್ಲ.

ಕೆಲವು ಸ್ಪರ್ಧೆಗಳಲ್ಲಿ ಕಾಲಮ್ಮಿನ ತೂಕವೇ ನ್ಯಾಯ–ಅನ್ಯಾಯವನ್ನು ತೀರ್ಮಾನಿಸುತ್ತದೆ. ಛದ್ಮವೇಷವನ್ನು ನೋಡಿ. ವೇಷಭೂಷಣಕ್ಕೆ 50ರಲ್ಲಿ 25 ಇಟ್ಟರೆ ಗೆಲ್ಲುವುದು ಬಾಡಿಗೆ ಡ್ರೆಸ್ ಅಂಗಡಿ. ವೇಷಕ್ಕೆ 10, ಅದರೊಳಗೂ ‘ಪಾತ್ರಕ್ಕೆ ಒಪ್ಪುತ್ತದೆಯೇ’ ಎಂಬುದಕ್ಕೆ ಮಾತ್ರ. ಮಾತು ಮತ್ತು ಅಭಿನಯಕ್ಕೆ 30, ಪಾತ್ರದ ತಿಳಿವಳಿಕೆಗೆ 10. ಆಗ ಹಳೆ ಪಂಚೆ ಉಟ್ಟು ಕಂಬಳಿ ಹೊದ್ದು ಬಂದ ಮಗುವಿಗೂ ದಾರಿ ಇರುತ್ತದೆ. ಜಾನಪದ ನೃತ್ಯದಲ್ಲೂ ಅಷ್ಟೇ. ಒಂದೇ ಬಣ್ಣದ ರೇಷ್ಮೆ, ಧ್ವನಿಮುದ್ರಿತ ಟ್ರ್ಯಾಕ್‌ನ ಅಬ್ಬರ ನೋಡಿ ಮರುಳಾಗುವ ಬದಲು, ಕೋಲಾಟವಾದರೆ ಕೋಲಿನ ಪೆಟ್ಟು ತಾಳದ ಮೇಲೆ ಬೀಳುತ್ತಿದೆಯೇ, ಕಂಸಾಳೆಯಾದರೆ ಮಕ್ಕಳೇ ತಾಳ ಹಿಡಿದಿದ್ದಾರೆಯೇ ಎಂದು ನೋಡಬೇಕು.

ಉಚ್ಚಾರದ ತೊಡಕು

ಇದನ್ನು ಸ್ಪರ್ಧೆಗೆ ಮೊದಲೇ ಒಪ್ಪಿಕೊಳ್ಳದಿದ್ದರೆ ಮೂವರು ಮೂರು ರೀತಿ ಅಂಕ ಕಳೆಯುತ್ತಾರೆ. ‘ಹಾಸನ’ ಎನ್ನಬೇಕಾದಲ್ಲಿ ‘ಆಸನ’, ಮಹಾಪ್ರಾಣ ಬಿಡುವುದು, ಶ–ಷ–ಸ ಬೆರೆಸುವುದು, ಳ ಇರುವಲ್ಲಿ ಲ. ಎಲ್ಲಿ ಕಳೆಯಬೇಕು?

ಕಂಠಪಾಠದಲ್ಲಿ, ವಚನದಲ್ಲಿ, ಭಾವಗೀತೆಯಲ್ಲಿ ಪಠ್ಯ ಇನ್ನೊಬ್ಬರದು. ಅಲ್ಲಿ ಅಕ್ಷರ ಬದಲಾದರೆ ಅರ್ಥವೂ ಛಂದಸ್ಸೂ ಕೆಡುತ್ತವೆ, ಕಳೆಯುವುದು ನ್ಯಾಯ. ಭಾಷಣ, ಆಶುಭಾಷಣ, ಕಥೆ ಹೇಳುವುದರಲ್ಲಿ ಮಾತು ಮಗುವಿನದೇ. ಕಲಬುರಗಿಯ ಮಗು ಅಲ್ಲಿನ ಕನ್ನಡದಲ್ಲಿ, ಕುಂದಾಪುರದ ಮಗು ಅಲ್ಲಿನ ಕನ್ನಡದಲ್ಲಿ ಕಥೆ ಹೇಳಿದರೆ ಅದು ತಪ್ಪಲ್ಲ, ಕಥೆಗೆ ಜೀವ. ಮನೆಯಲ್ಲಿ ತುಳು, ಕೊಂಕಣಿ, ಲಂಬಾಣಿ, ಉರ್ದು ಆಡುವ ಮಗುವಿನ ಎಳೆತವೂ ಹಾಗೆಯೇ. ಅಲ್ಲಿ ಕೇಳಬೇಕಾದ್ದು ‘ಮಾತು ಕೊನೆಯ ಸಾಲಿನವರಿಗೆ ತಿಳಿಯಿತೇ’ ಎಂದಷ್ಟೇ. ಹೊರದೇಶದ ಕನ್ನಡ ಕೂಟಗಳಲ್ಲಿ ಸ್ಪರ್ಧೆ ಇಡುವವರಿಗೆ ವಯಸ್ಸಿನ ಗುಂಪಿಗಿಂತ ‘ಕನ್ನಡ ಕಲಿಯಲು ತೊಡಗಿ ಎಷ್ಟು ವರ್ಷ’ ಎಂಬ ಗುಂಪು ಹೆಚ್ಚು ನ್ಯಾಯ ಕೊಡುತ್ತದೆ. ಊರಿಂದ ಕಳೆದ ವರ್ಷ ಹೋದ ಮಗುವನ್ನೂ ಅಲ್ಲೇ ಹುಟ್ಟಿದ ಮಗುವನ್ನೂ ಒಂದೇ ತಕ್ಕಡಿಗೆ ಹಾಕಿದರೆ ಎರಡನೆಯದು ಮುಂದಿನ ವರ್ಷ ಬರುವುದಿಲ್ಲ.

ತೊದಲುವ ಮಗುವಿಗೆ, ಬೇರೆ ಅಂಗವೈಕಲ್ಯವಿರುವ ಮಗುವಿಗೆ ಸಮಯ ಹೆಚ್ಚು ಕೊಡಿ. ಪರೀಕ್ಷೆಗಳಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಎಂಬ ಪದ್ಧತಿ ಇದೆಯಲ್ಲ, ಅದೇ ಪ್ರಮಾಣದಲ್ಲಿ 5 ನಿಮಿಷದ ಭಾಷಣಕ್ಕೆ 1 ನಿಮಿಷ 40 ಸೆಕೆಂಡು. ಇದನ್ನು ವೇದಿಕೆಯಿಂದ ಘೋಷಿಸಬೇಕಾಗಿಲ್ಲ, ಗಂಟೆ ಹೊಡೆಯುವವರಿಗೆ ಗೊತ್ತಿದ್ದರೆ ಸಾಕು.

ಕೂಡಲೇ ಅಂಕವೋ, ಪೆನ್ಸಿಲ್ ಅಂಕವೋ

ಮೊದಲು ಹಾಡುವ ಮಗುವಿಗೆ ನಷ್ಟ ಎಂಬುದು ಬರೀ ಪೋಷಕರ ಗೊಣಗಾಟವಲ್ಲ. ಬೆಲ್ಜಿಯಂನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯ ಫಲಿತಾಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು, ಕ್ರಮವನ್ನು ಚೀಟಿ ಎತ್ತಿ ನಿಗದಿ ಮಾಡಿದ್ದರೂ ತಡವಾಗಿ ನುಡಿಸಿದವರಿಗೆ ಮೇಲಿನ ಸ್ಥಾನ ಸಿಗುವ ಒಲವು ಕಂಡರು. ಜಗತ್ತಿನ ಘಟಾನುಘಟಿಗಳು ತೀರ್ಪು ಕೊಡುವಲ್ಲೇ ಹೀಗಾದರೆ ಕ್ಲಸ್ಟರ್ ಮಟ್ಟದ ಮಾತೇನು? ಮೊದಲ ಮಗುವಿಗೆ ತೀರ್ಪುಗಾರರು ಜಾಗ ಉಳಿಸಿಕೊಂಡು ಅಂಕ ಹಾಕುತ್ತಾರೆ, ಮುಂದೆ ಇನ್ನೂ ಚೆನ್ನಾಗಿ ಹಾಡುವವರು ಬರಬಹುದೆಂದು. ಆಮೇಲೆ ಯಾರೂ ಬರದಿದ್ದರೂ ಆ ಅಂಕ ಹಾಗೇ ಉಳಿಯುತ್ತದೆ.

ಕೂಡಲೇ ಪೆನ್ನಿನಲ್ಲಿ ಬರೆದು ಹಾಳೆ ಕೊಟ್ಟುಬಿಡುವ ಪದ್ಧತಿಯ ಅನುಕೂಲ ಒಂದೇ: ನಂತರ ಯಾರೂ ತಿದ್ದಲಾರರು. ಪೆನ್ಸಿಲ್ಲಿನಲ್ಲಿ ಬರೆದು ಕೊನೆಯಲ್ಲಿ ತಿದ್ದುವ ಪದ್ಧತಿ ಹೆಚ್ಚು ನ್ಯಾಯದ್ದು, ಆದರೆ ತಿದ್ದುವ ಅವಕಾಶ ದುರುಪಯೋಗವಾಗಬಹುದು. ನಡುವಿನ ದಾರಿ ಚೆನ್ನಾಗಿ ನಡೆಯುತ್ತದೆ: ಮೊದಲ ನಾಲ್ಕು ಮಕ್ಕಳ ಅಂಕ ಪೆನ್ಸಿಲ್ಲಿನಲ್ಲಿ. ನಾಲ್ಕನೆಯವರು ಮುಗಿದ ಮೇಲೆ ಎರಡು ನಿಮಿಷ ನಿಲ್ಲಿಸಿ, ತೀರ್ಪುಗಾರರು ಪರಸ್ಪರ ಮಾತಾಡದೆ ಆ ನಾಲ್ಕನ್ನೂ ನೋಡಿ ಪೆನ್ನಿನಲ್ಲಿ ಬರೆಯುತ್ತಾರೆ. ಅಲ್ಲಿಂದ ಮುಂದೆ ನೇರ ಪೆನ್ನು.

ಸಮಯದ ಲೆಕ್ಕವನ್ನೂ ಮೊದಲೇ ಹಾಕಿ. 24 ಮಕ್ಕಳು, ತಲಾ 4 ನಿಮಿಷ, ಬರೆಯಲು ಒಂದೂವರೆ ನಿಮಿಷ: 132 ನಿಮಿಷ, ಎಂದರೆ ಎರಡು ಗಂಟೆ ಹನ್ನೆರಡು ನಿಮಿಷ. ಹತ್ತು ಮಕ್ಕಳಿಗೊಮ್ಮೆ ಐದು ನಿಮಿಷ ಬಿಡುವು ಕೊಟ್ಟರೆ ಎರಡೂಕಾಲು ಗಂಟೆ ದಾಟುತ್ತದೆ. ಬರೆಯುವ ಒಂದೂವರೆ ನಿಮಿಷವನ್ನು ನಿರೂಪಕರು ನುಂಗಿಹಾಕುವುದು ಸಾಮಾನ್ಯ. ‘ತೀರ್ಪುಗಾರರು ಕೈ ಎತ್ತುವವರೆಗೆ ಮುಂದಿನ ನಂಬರ್ ಕರೆಯಬೇಡಿ’ ಎಂದು ಅವರಿಗೆ ಹೇಳಿಡಿ. ಗಂಟೆ ಹೊಡೆಯುವ ಕೆಲಸ ತೀರ್ಪುಗಾರರದಲ್ಲ, ಅದಕ್ಕೆ ಬೇರೆಯವರಿರಲಿ. ಮೈಕ್ ಕೈಕೊಟ್ಟರೆ, ಟ್ರ್ಯಾಕ್ ನಿಂತರೆ ಆ ಮಗುವಿಗೆ ಕೊನೆಯಲ್ಲಿ ಪೂರ್ತಿ ಹೊಸ ಅವಕಾಶ. ಮಗುವೇ ಮರೆತರೆ ಒಂದು ಸಲ ಮೊದಲಿಂದ ತೊಡಗಬಹುದು, ಗಡಿಯಾರ ನಿಲ್ಲುವುದಿಲ್ಲ.

ನೋಡಿ ತೀರ್ಪೋ, ಕೇಳಿ ತೀರ್ಪೋ

ಗಾಯನಕ್ಕೆ ಮಾತ್ರ ಈ ಪ್ರಶ್ನೆ. 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಸಂಗೀತ ಸ್ಪರ್ಧೆಗಳ ಗೆದ್ದವರನ್ನು ಜನ ಹೆಚ್ಚು ಸರಿಯಾಗಿ ಗುರುತಿಸಿದ್ದು ಧ್ವನಿಯಿಲ್ಲದ ವಿಡಿಯೋ ನೋಡಿ, ಧ್ವನಿ ಕೇಳಿ ಅಲ್ಲ. ವೃತ್ತಿಪರ ಸಂಗೀತಗಾರರೂ ಇದಕ್ಕೆ ಹೊರತಾಗಲಿಲ್ಲ. ಅಂದರೆ ಕಿವಿಯ ಸ್ಪರ್ಧೆಯ ತೀರ್ಪನ್ನು ಕಣ್ಣು ಬರೆಯುತ್ತಿದೆ. ಸ್ಪರ್ಧಿಗಳು ಬಹಳವಿದ್ದು ಮೊದಲು ಸೋಸಬೇಕಾದರೆ, ನಂಬರ್ ಮಾತ್ರ ಇರುವ ಧ್ವನಿಮುದ್ರಣ ಕೇಳಿ ಸೋಸುವುದು ಒಳ್ಳೆಯದು. ಅಂತಿಮ ಸುತ್ತಿನಲ್ಲಿ ತೀರ್ಪುಗಾರರನ್ನು ಬೆನ್ನು ತಿರುಗಿಸಿ ಕೂರಿಸಬೇಡಿ. ಪುಟ್ಟ ಮಗು ಮೂರು ಬೆನ್ನುಗಳನ್ನು ನೋಡುತ್ತಾ ಹಾಡಬೇಕಾಗುತ್ತದೆ, ಅದು ಸರಿಯಲ್ಲ. ಶಾಲೆಯ ಹೆಸರು ಹೇಳದಿರುವುದು, ಸಮವಸ್ತ್ರದ ಬದಲು ಬಣ್ಣದ ಬಟ್ಟೆ, ಹೆಸರಿನ ಬದಲು ಚೆಸ್ಟ್ ನಂಬರ್. ಇಷ್ಟಾದರೂ ಆಗಲಿ.

ತೀರ್ಪುಗಾರರ ಶಿಷ್ಯರೋ ಬಂಧುಗಳೋ ಸ್ಪರ್ಧೆಯಲ್ಲಿದ್ದರೆ? ‘ಆ ಮಗುವಿಗೆ ಮಾತ್ರ ನಾನು ಅಂಕ ಹಾಕುವುದಿಲ್ಲ, ಉಳಿದಿಬ್ಬರ ಸರಾಸರಿ ಹಿಡಿಯಿರಿ’ ಎನ್ನುವುದು ಸಭ್ಯವಾಗಿ ಕೇಳಿಸುತ್ತದೆ, ಲೆಕ್ಕದಲ್ಲಿ ಸೋಲುತ್ತದೆ. ಆ ತೀರ್ಪುಗಾರರು ಬಿಗಿ ಕೈಯವರಾದರೆ, ಅವರ ಶಿಷ್ಯೆ ಒಬ್ಬಳೇ ಆ ಬಿಗಿಯಿಂದ ಪಾರಾದಳು ಎಂದಾಯಿತು! ಇಡೀ ಸ್ಪರ್ಧೆಗೆ ಅವರನ್ನು ಬದಲಿಸಿ, ಪಕ್ಕದ ಕೋಣೆಯ ರಂಗೋಲಿಗೋ ಪ್ರಬಂಧಕ್ಕೋ ಕಳಿಸಿ.

ಚರ್ಚಿಸಿ ತೀರ್ಮಾನಿಸುವುದಕ್ಕೂ ಬೇರೆಬೇರೆಯಾಗಿ ಬರೆದುಕೊಡುವುದಕ್ಕೂ ನಡುವೆ ನಮ್ಮ ಒಲವು ಎರಡನೆಯದಕ್ಕೆ. ತಂಡದಲ್ಲಿ ಹಿರಿಯ ವಿದ್ವಾಂಸರೊಬ್ಬರಿದ್ದರೆ ಉಳಿದವರು ತಲೆಯಾಡಿಸುತ್ತಾರೆ, ಮೂವರ ತೀರ್ಪು ಒಬ್ಬರದಾಗುತ್ತದೆ. ಹಾಳೆ ಕೊಟ್ಟ ಮೇಲೆ, 50ಕ್ಕೆ 10ಕ್ಕಿಂತ ಹೆಚ್ಚು ಅಂತರವಿರುವ ಮಗುವಿನ ಬಗ್ಗೆ ಮಾತ್ರ ಮಾತಾಡಲಿ, ಕಿರಿಯವರು ಮೊದಲು ಹೇಳಲಿ. ಅಂಕ ಬದಲಿಸಲೇಬೇಕೆಂಬ ಒತ್ತಾಯ ಬೇಡ.

ಆಶುಭಾಷಣ, ಚರ್ಚೆ, ಯೋಜನೆಯ ಮಂಡನೆ

ಆಶುಭಾಷಣದಲ್ಲಿ ಎಲ್ಲರಿಗೂ ಒಂದೇ ವಿಷಯ ಕೊಟ್ಟರೆ ಹೋಲಿಕೆ ಸುಲಭ. ಆದರೆ ಕಾಯುವವರಿಗೆ ಬೇರೆ ಕೋಣೆ, ಕಾವಲಿಗೆ ಒಬ್ಬ ಶಿಕ್ಷಕರು ಬೇಕು, ಮಾತಾಡಿ ಮುಗಿಸಿದವರು ಅಲ್ಲಿಗೆ ಮರಳಬಾರದು. ಕಿಟಕಿಯಾಚೆ ಮೈಕ್ ಕೇಳಿಸಿದರೆ ಎಲ್ಲ ವ್ಯರ್ಥ. ಬೇರೆಬೇರೆ ವಿಷಯದ ಚೀಟಿ ಇಟ್ಟರೆ ಆ ತಲೆನೋವಿಲ್ಲ, ಬದಲಿಗೆ ಒಬ್ಬರಿಗೆ ‘ನನ್ನ ಶಾಲೆ’, ಇನ್ನೊಬ್ಬರಿಗೆ ‘ಜಾಗತೀಕರಣ’ ಬೀಳುತ್ತದೆ. ಎರಡು ಚೀಟಿ ಎತ್ತಿ ಒಂದನ್ನು ಆರಿಸಿಕೊಳ್ಳಲು ಬಿಟ್ಟರೆ ಅರ್ಧ ಅನ್ಯಾಯ ಕಡಿಮೆಯಾಗುತ್ತದೆ.

ಚರ್ಚಾ ಸ್ಪರ್ಧೆಯಲ್ಲಿ ಪರ–ವಿರೋಧವನ್ನೂ ಚೀಟಿಯಿಂದಲೇ ನಿಗದಿಪಡಿಸಿ. ತೀರ್ಪುಗಾರರು ವಿಷಯದ ಬಗ್ಗೆ ತಮ್ಮ ನಿಲುವನ್ನು ಹಾಳೆಯ ಮೂಲೆಯಲ್ಲಿ ಮೊದಲೇ ಬರೆದುಕೊಂಡರೆ, ಆ ಕಡೆಯವರಿಗೆ ಕೈ ವಾಲುತ್ತಿದೆಯೇ ಎಂದು ತಾವೇ ನೋಡಿಕೊಳ್ಳಬಹುದು.

ವಿಜ್ಞಾನ ಯೋಜನೆಯ ಮಂಡನೆಯಲ್ಲಿ ನೋಡಬೇಕಾದ್ದು ಬೇರೆಯೇ. 10ರಿಂದ 17 ವರ್ಷದವರಿಗಾಗಿ ನಡೆಯುವ, ಕರ್ನಾಟಕದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸಂಘಟಿಸುತ್ತ ಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಕ್ಕಳು ದಿನಚರಿ ಪುಸ್ತಕ ಇಡಬೇಕು. ಹೊಳೆಯುವ ಚಾರ್ಟಿಗಿಂತ ಆ ಪುಸ್ತಕ ಹೆಚ್ಚು ಹೇಳುತ್ತದೆ. ಬೇರೆಬೇರೆ ಶಾಯಿ, ಹೊಡೆದುಹಾಕಿದ ಅಳತೆ, ಮಳೆಯಿಂದ ಬಿಟ್ಟುಹೋದ ದಿನ ಇದ್ದರೆ ಮಕ್ಕಳೇ ಮಾಡಿದ್ದು. ಎಲ್ಲ ಪುಟವೂ ಒಂದೇ ರಾತ್ರಿ ಬರೆದ ಹಾಗಿದ್ದರೆ ಮೂರು ಪ್ರಶ್ನೆ ಕೇಳಿ: ‘ಯಾವುದು ನೀವು ಎಣಿಸಿದಂತೆ ಆಗಲಿಲ್ಲ?’, ‘ಈ ಅಂಕಿಯನ್ನು ಹೇಗೆ ಅಳೆದಿರಿ?’, ‘ಇನ್ನೊಂದು ತಿಂಗಳು ಸಿಕ್ಕಿದ್ದರೆ ಏನು ಮಾಡುತ್ತಿದ್ದಿರಿ?’ ತಂಡದಲ್ಲಿ ಮಾತಾಡದೆ ನಿಂತ ಮಗುವಿಗೂ ಒಂದು ಪ್ರಶ್ನೆ ಇರಲಿ. ಮಗುವನ್ನು ಬೀಳಿಸಲು ಪ್ರಶ್ನೆ ಕೇಳುವವರು ಆ ಕೆಲಸವನ್ನು ದೊಡ್ಡವರ ವಿಚಾರಸಂಕಿರಣಕ್ಕೆ ಉಳಿಸಿಕೊಳ್ಳಲಿ.

ವೇದಿಕೆಯ ಮಾತೋ, ಕೈಗೆ ಚೀಟಿಯೋ

ಫಲಿತಾಂಶಕ್ಕೆ ಮುಂಚೆ ತೀರ್ಪುಗಾರರಿಂದ ‘ಎರಡು ಮಾತು’ ಎಂಬ ವಾಡಿಕೆ ಇದೆ. ಎರಡು ಇಪ್ಪತ್ತಾಗುತ್ತದೆ, ‘ಗೆಲುವು ಮುಖ್ಯವಲ್ಲ, ಭಾಗವಹಿಸುವುದು ಮುಖ್ಯ’ ಎಂಬಲ್ಲಿಗೆ ಮುಗಿಯುತ್ತದೆ. ಫಲಿತಾಂಶಕ್ಕೆ ಉಸಿರು ಬಿಗಿಹಿಡಿದ ಮಕ್ಕಳ ಕಿವಿಗೆ ಅದು ಬೀಳುವುದೇ ಇಲ್ಲ. ವೇದಿಕೆಯಲ್ಲಿ ಎಲ್ಲರಿಗೂ ಅನ್ವಯಿಸುವ ಒಂದೆರಡು ಸಂಗತಿ ಸಾಕು: ಮೈಕಿಗೂ ಬಾಯಿಗೂ ಒಂದು ಗೇಣು ದೂರವಿರಲಿ, ತೊಡಗುವ ಮೊದಲು ಶ್ರುತಿಯನ್ನು ಒಂದು ಉಸಿರು ಕೇಳಿಸಿಕೊಳ್ಳಿ. ಒಂದು ಮಗುವಿನ ತಪ್ಪನ್ನು, ನಂಬರ್ ಹೇಳದಿದ್ದರೂ, ಅಲ್ಲಿ ಹೇಳಬಾರದು. ಯಾರೆಂದು ಸಭೆಗೆ ಗೊತ್ತೇ ಇರುತ್ತದೆ.

ಒಬ್ಬೊಬ್ಬರಿಗೆ ಹೇಳಬೇಕಾದ್ದಕ್ಕೆ ಚೀಟಿ. ಅಂಗೈಯಗಲದ ಕಾಗದ, ಮೂರು ಸಾಲು: ಚೆನ್ನಾಗಿದ್ದ ಎರಡು, ಮುಂದೆ ಮಾಡಬೇಕಾದ ಒಂದು. ‘ಚೆನ್ನಾಗಿತ್ತು, ಇನ್ನೂ ಅಭ್ಯಾಸ ಬೇಕು’ ಎಂಬುದು ಚೀಟಿಯಲ್ಲ, ಅಂಚೆಯ ಮುದ್ರೆ. ಹೀಗಿರಲಿ: ‘ಪಲ್ಲವಿಯನ್ನು ಮೂರು ಸಲವೂ ಒಂದೇ ಲಯದಲ್ಲಿ ಹಿಡಿದೆ. ಪದಗಳು ಸ್ಪಷ್ಟವಾಗಿ ಕೇಳಿಸಿದವು. ಚರಣದ ಮೇಲಿನ ಸ್ವರಕ್ಕೆ ಉಸಿರು ಸಾಲಲಿಲ್ಲ. ಅರ್ಧ ಶ್ರುತಿ ಇಳಿಸಿ ಹಾಡಿ ನೋಡು.’ ಭಾಷಣಕ್ಕೆ: ‘ನಿಮ್ಮೂರಿನ ಕೆರೆಯ ಉದಾಹರಣೆ ಮನಸ್ಸಿಗೆ ನಾಟಿತು. ಕೈ ಕಟ್ಟಿಕೊಳ್ಳದೆ ನಿಂತದ್ದು ಒಳ್ಳೆಯದಾಯಿತು. ನಾಲ್ಕು ಗಾದೆಯ ಬದಲು ಒಂದೇ ಸಾಕು.’ ಚಿಕ್ಕವರಿಗೆ ‘ನೀನು’ ಆತ್ಮೀಯವಾಗಿ ಕೇಳಿಸುತ್ತದೆ, ಪ್ರೌಢಶಾಲೆ ದಾಟಿದವರಿಗೆ ‘ನೀವು’ ಎಂದು ಬರೆದು ನೋಡಿ, ಚೀಟಿ ಜೇಬಿನಲ್ಲಿ ಹೆಚ್ಚು ದಿನ ಉಳಿಯುತ್ತದೆ.

ಹೊಗಳಿಕೆಯಲ್ಲೂ ಆಯ್ಕೆ ಇದೆ. ಐದನೇ ತರಗತಿಯ ಮಕ್ಕಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ‘ನೀನು ಬುದ್ಧಿವಂತ’ ಎಂದು ಹೊಗಳಿಸಿಕೊಂಡವರು ಒಮ್ಮೆ ಸೋತ ಮೇಲೆ ಬೇಗ ಕೈಬಿಟ್ಟರು. ‘ನೀನು ಶ್ರಮಪಟ್ಟೆ’ ಎಂದು ಹೊಗಳಿಸಿಕೊಂಡವರು ಮತ್ತೆ ಪ್ರಯತ್ನಿಸಿದರು. ‘ಹುಟ್ಟು ಕಲಾವಿದೆ’, ‘ಸರಸ್ವತಿ ನಾಲಿಗೆಯ ಮೇಲಿದ್ದಾಳೆ’ ಎಂಬ ಮಾತುಗಳನ್ನು ಬಿಟ್ಟು, ಮಗು ಮಾಡಿದ ಕೆಲಸದ ಹೆಸರು ಹೇಳಿ. ಹಾಗೆಯೇ ಸುಳ್ಳು ಹೊಗಳಿಕೆಯೂ ಬೇಡ. ಶ್ರುತಿ ತಪ್ಪಿದ್ದು ಹಾಡಿದ ಮಗುವಿಗೆ ಎಲ್ಲರಿಗಿಂತ ಮೊದಲು ಗೊತ್ತಾಗಿರುತ್ತದೆ. ‘ಅದ್ಭುತ’ ಎಂದರೆ ಅದು ತೀರ್ಪುಗಾರರ ಕಿವಿಯನ್ನೇ ಅನುಮಾನಿಸುತ್ತದೆ.

24 ಮಕ್ಕಳಿಗೆ ಮೂರು ಸಾಲಿನ ಚೀಟಿ ಬರೆಯಲು ಸಮಯವೆಲ್ಲಿ ಎಂದು ಕೇಳುವವರಿದ್ದಾರೆ. ಮೂವರು ತೀರ್ಪುಗಾರರು ಹಂಚಿಕೊಂಡರೆ ತಲಾ ಎಂಟು. ಮೊದಲವರು 1ರಿಂದ 8, ಎರಡನೆಯವರು 9ರಿಂದ 16, ಉಳಿದದ್ದು ಮೂರನೆಯವರಿಗೆ. ಕಾಲಮ್ಮಿನಲ್ಲಿ ಆಗಲೇ ಬರೆದ ಪದಗಳಿವೆ, ಅವನ್ನೇ ವಾಕ್ಯ ಮಾಡಿದರಾಯಿತು. ಕಚೇರಿಯಲ್ಲಿ ಅಂಕ ಕೂಡಿ ಪ್ರಮಾಣಪತ್ರದಲ್ಲಿ ಹೆಸರು ತುಂಬುವ ಅರ್ಧ ಗಂಟೆ ತೀರ್ಪುಗಾರರು ಹೇಗೂ ಉಪ್ಪಿಟ್ಟು ತಿನ್ನುತ್ತಾ ಕೂತಿರುತ್ತಾರೆ. ಚೀಟಿ ಆಗ ಬರೆಯಬಹುದು. ಮಕ್ಕಳ ಕೈಗೆ ಅದು ಸೇರಬೇಕಾದ್ದು ಫಲಿತಾಂಶ ಓದಿದ ಮೇಲೆ, ಮಡಚಿ, ಶಿಕ್ಷಕರ ಮೂಲಕವಲ್ಲ, ನೇರವಾಗಿ.